ಗಾಳಿ ಬಾರದ ಚಂಡಮಾರುತ

ಮಂಗಳವಾರ ಬೆಳಿಗ್ಗೆ ಅಂಚೆ ಕಚೇರಿಯ ಬಾಗಿಲು ತೆರೆದಾಗ ಹೊರಗೆ ಹನ್ನೊಂದು ಜನ ನಿಂತಿದ್ದರು. ಈ ಊರಿಗೆ ಬಂದ ಎಂಟು ತಿಂಗಳಲ್ಲಿ ಇಷ್ಟು ಮಂದಿ ಒಟ್ಟಿಗೆ ನನ್ನ ಬಾಗಿಲಿಗೆ ಬಂದದ್ದಿಲ್ಲ. ಯಾರ ಕೈಯಲ್ಲೂ ಕಾಗದವಿರಲಿಲ್ಲ, ಲಕೋಟೆಯಿರಲಿಲ್ಲ. ನನ್ನ ಮೇಲೆ ಏನೋ ದೂರು ಇರಬೇಕು ಎಂದುಕೊಂಡೆ. ಎಲ್ಲರಿಗಿಂತ ಮುಂದೆ ನಿಂತಿದ್ದವರು ನನ್ನ ಮನೆಯೊಡತಿ ಮುನಿರತ್ನಮ್ಮ.

“ಮೇಡಂ, ಬರ್ತದಾ?” ಎಂದರು.

“ಏನಕ್ಕ?”

“ಅದೇ, ಸೈಕ್ಲೋನು.”

ಅವರ ತಲೆಯ ಮೇಲಿಂದ ನೋಡಿದೆ. ಹುಣಸೆ ಮರ, ಅದರಾಚೆ ಬೋಳು ಬಂಡೆಯ ಗುಡ್ಡ, ಗುಡ್ಡದ ಮೇಲೆ ಒಂದು ಚೂರು ಮೋಡವೂ ಇಲ್ಲದ ಆಕಾಶ. ಸಮುದ್ರ ಇಲ್ಲಿಂದ ಒಂದು ಹಗಲಿನ ಬಸ್ ದಾರಿ. ಅಲ್ಲಿ ನಿಂತಿದ್ದವರಲ್ಲಿ ಅರ್ಧದಷ್ಟು ಜನ ಅದನ್ನು ಕಂಡೇ ಇಲ್ಲ.

“ನನಗೆ ಹೇಗಕ್ಕ ಗೊತ್ತಾಗ್ತದೆ?”

“ನಿಮ್ದು ಸಮುದ್ರದ ಊರಲ್ವಾ? ನಿಮಗೆ ಗೊತ್ತಾಗದೆ ನಮಗೆ ಗೊತ್ತಾಗ್ತದಾ?”

ನನ್ನ ಕಡಲು ಪಶ್ಚಿಮದ್ದು, ಈಗ ಬರುತ್ತಿರುವುದು ಪೂರ್ವದ ಕೊಲ್ಲಿಯಿಂದ, ನಡುವೆ ಒಂದು ಘಟ್ಟವಿದೆ, ಮುಕ್ಕಾಲು ರಾಜ್ಯವಿದೆ ಎಂದು ವಿವರಿಸಿದೆ. ಹಿಂದೆ ನಿಂತಿದ್ದ ಮುದುಕರೊಬ್ಬರು ತಾಳ್ಮೆಯಿಂದ ಕೇಳಿಸಿಕೊಂಡು, “ನೀರೆಲ್ಲ ಒಂದೇ ಅಲ್ವೇನಮ್ಮ” ಎಂದರು. ಇವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೋ ಎಂಬ ಅನುಮಾನ ಬಂತು.

ಹನ್ನೊಂದು ಎಂದು ಬರೆದೆ. ಏಳಿರಬಹುದು. ನೆನಪು ತನಗೆ ಬೇಕಾದಷ್ಟು ಜನರನ್ನು ಸೇರಿಸಿಕೊಳ್ಳುತ್ತದೆ. ಇದನ್ನು ಕರಾವಳಿಯಲ್ಲಿ ಕೂತು ಓದುವ ನೀವು ಮುಂದಿನ ಮಾತುಗಳನ್ನೂ ಇದೇ ಎಚ್ಚರದಿಂದ ಓದಬೇಕು. ಆ ವಾರದ ಅನಾಹುತಕ್ಕೆ ಮೂಲವೇ ಒಂದು ಚೆಂದದ ನೆನಪು.

ನಾನು ಇಲ್ಲಿಗೆ ಬಂದದ್ದು ಇಷ್ಟಪಟ್ಟೇನಲ್ಲ. ಹಳ್ಳಿಯ ಅಂಚೆ ಕಚೇರಿಯ ಕೆಲಸಕ್ಕೆ ಅರ್ಜಿ ಹಾಕಿದ್ದೆ; ಅಂಕಪಟ್ಟಿ ನೋಡಿ ಊರು ಕೊಡುತ್ತಾರೆ. ಕುಂದಾಪುರದಾಚೆಯ ಮೀನುಗಾರರ ಕೇರಿಯವಳಿಗೆ ಚಿಂತಾಮಣಿ ತಾಲ್ಲೂಕು ಬಂತು. ಚಿಂತಾಮಣಿಯಿಂದ ಕೆಂಚಾರ್ಲಹಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು ನಡೆದು ಹೋಗುವ ಊರು. ಹೆಸರು ಬರೆಯುವುದಿಲ್ಲ, ಇಲ್ಲಿಯವರೂ ಓದುತ್ತಾರೆ. ಕೆಲಸದ ನಿಯಮವೇನೆಂದರೆ ಅದೇ ಊರಿನಲ್ಲಿ ವಾಸವಿರಬೇಕು, ಕಚೇರಿಗೆ ಒಂದು ಕೋಣೆಯನ್ನೂ ನಾವೇ ಹೊಂದಿಸಿಕೊಳ್ಳಬೇಕು. ಮೂರು ಮನೆಗಳಲ್ಲಿ ಕೇಳಿದೆ. ಮೂರರಲ್ಲೂ “ಒಬ್ರೇನಾ?” ಎಂದರು, ಆಮೇಲೆ ಬೀಗ ಹಾಕಿದ್ದ ಖಾಲಿ ಮನೆಯ ಮುಂದೆಯೇ ನಿಂತು “ಖಾಲಿ ಇಲ್ಲಮ್ಮ” ಎಂದರು. ನಾಲ್ಕನೆಯದು ಮುನಿರತ್ನಮ್ಮನವರದು. ಬೀದಿಗೆ ಮುಖ ಮಾಡಿದ ದೊಡ್ಡ ಕೋಣೆ, ಎದುರುಬದುರಾಗಿ ಎರಡು ಕಿಟಕಿ, ಒಂದು ಫ್ಯಾನು. ಹಿಂದೆ ನನಗೊಂದು ಅಡುಗೆಮನೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಮೀನು ತಿಂತೀರಾ?”

“ತಿಂತೇನೆ.”

“ಹಸೀದು ಬೇಕಾದ್ರೆ ಮಾಡ್ಕಳಿ. ಒಣಗಿದ್ದು ಮಾತ್ರ ಮನೆ ಒಳಕ್ಕೆ ತರಬ್ಯಾಡಿ. ಹುಳಕ್ಕೆ ಆ ವಾಸ್ನೆ ಆಗಲ್ಲ.”

ಹುಳ ಎಂದರೆ ರೇಷ್ಮೆ ಹುಳ. ಹಿತ್ತಲಲ್ಲಿ ಅದಕ್ಕೆಂದೇ ತಗಡಿನ ಮಾಡಿನ ಉದ್ದನೆಯ ಕಟ್ಟಡವಿದೆ, ಹುಳುಮನೆ ಎನ್ನುತ್ತಾರೆ. ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ, ಹೊರಗಿನವರಂತೂ ಬಾಗಿಲಲ್ಲೇ ನಿಲ್ಲಬೇಕು. ನಾನು ಒಣಮೀನಿನ ಮಾತನ್ನು ನಂಬಲಿಲ್ಲ. ಭಾನುವಾರ ಇವರ ಅಡುಗೆಮನೆಯಿಂದ ಬರುವ ಮಟನ್ ಸಾರಿನ ಘಮ ಬೀದಿಯ ಕೊನೆಯವರೆಗೂ ಹೋಗುತ್ತದೆ. ಅದಕ್ಕೆ ಏನೂ ಆಗದ ಹುಳ ನಮ್ಮ ಸಿಗಡಿಗೆ ಸಾಯುತ್ತದೆಯೇ? ಮೀನು ಎಂದರೆ ಮೂಗು ಮುರಿಯುವವರು ಪಾಪದ ಹುಳವನ್ನು ಮುಂದೆ ಮಾಡಿದ್ದಾರೆ ಎಂದೇ ಲೆಕ್ಕ ಹಾಕಿದೆ. ಕೆಲವು ದಿನಗಳ ನಂತರ ಊದುಬತ್ತಿ, ಸೊಳ್ಳೆಬತ್ತಿ, ಸೆಂಟು ಹಾಕಿದ ಎಣ್ಣೆ ಎಲ್ಲಕ್ಕೂ ಆ ಮನೆಯಲ್ಲಿ ನಿಷೇಧವಿದೆ ಎಂದು ತಿಳಿಯಿತು. ಅನುಮಾನ ಚಿಕ್ಕದಾಯಿತು, ಹೋಗಲಿಲ್ಲ. ಅಮ್ಮ ಕಟ್ಟಿಕೊಟ್ಟ ಒಣಸಿಗಡಿಯ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿ ಇಟ್ಟೆ. ಆಗಾಗ ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚುತ್ತಿದ್ದೆ.

ನಮ್ಮ ಕಡೆ ಅಲೆಯ ಸದ್ದಿನ ಮೇಲೆ ಮಾತಾಡಬೇಕು. ನನ್ನ ದನಿ ಹುಟ್ಟಿನಿಂದ ದೊಡ್ಡದು. ಇಲ್ಲಿ ಕಿವಿಗೆ ಏನೂ ಬಡಿಯುವುದಿಲ್ಲ. ಮೊದಲ ತಿಂಗಳು ನಾನು ಸಕ್ಕರೆ ಕೇಳಿದರೂ ಅಂಗಡಿಯವರು, “ಯಾಕಮ್ಮ ಬೈತೀಯ?” ಎನ್ನುತ್ತಿದ್ದರು. ದನಿ ತಗ್ಗಿಸಿದೆ. ಈಗ ಊರಿಗೆ ಫೋನ್ ಮಾಡಿದರೆ ಅಪ್ಪಯ್ಯ ನನಗೆ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಮುನಿರತ್ನಮ್ಮನ ಅತ್ತೆ ಪಾಪಮ್ಮ ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ, ಸಿಟ್ಟು ಬಂದರೆ ಕನ್ನಡಕ್ಕೆ ಬರುವುದೇ ಇಲ್ಲ. ನಾನು ಎದುರಿಗಿದ್ದಾಗಲೇ ಸೊಸೆಯೊಡನೆ ಪೂರ್ತಿ ತೆಲುಗಿಗೆ ತಿರುಗಿದರೆ ಅದು ನನ್ನ ಬಗ್ಗೆಯೇ ಎಂದು ತಿಳಿಯುವಷ್ಟು ಭಾಷೆ ನನಗೆ ಬೇಗ ಬಂತು.

ಹುಳದ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಅದಕ್ಕೆ ತಿನ್ನುವುದೊಂದೇ ಕೆಲಸ. ಆ ಸದ್ದು ಮಳೆಯಂತಿದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮರಳಿನ ಮೇಲೆ ಏಡಿಗಳು ಓಡಿದಂತೆ ಕೇಳಿಸಿತು. ತಿಂದು ತಿಂದು ಮೈ ಹಳದಿಗೆ ತಿರುಗಿ ಪಾರದರ್ಶಕವಾದರೆ ಹುಳ ಹಣ್ಣಾಯಿತು ಎನ್ನುತ್ತಾರೆ. ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಅಗಲವಾದ ತಟ್ಟಿ, ಅದರ ಮೇಲೆ ಸುರುಳಿಸುರುಳಿಯಾಗಿ ಬಿದಿರಿನ ಪಟ್ಟಿ ಹೆಣೆದಿರುತ್ತದೆ. ಆ ಸುರುಳಿಯ ಸಂದಿನಲ್ಲಿ ಹುಳ ಕೂತು ಗೂಡು ಕಟ್ಟುತ್ತದೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ.

ಮುನಿರತ್ನಮ್ಮನ ಗಂಡ ವೆಂಕಟರವಣಪ್ಪ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಗೌರಿಬಿದನೂರಿನಲ್ಲಿ ಒಂದು ಕೋಣೆ ಮಾಡಿಕೊಂಡು ಭಾನುವಾರ ಮಾತ್ರ ಊರಿಗೆ ಬರುತ್ತಾರೆ. ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದವು. ಮೂರನೆಯದೂ ಹೋದರೆ ಹಿಪ್ಪುನೇರಳೆ ತೋಟ ಕಿತ್ತು, ಮನೆಗೆ ಬೀಗ ಹಾಕಿ, ಅತ್ತೆಯನ್ನೂ ಕರೆದುಕೊಂಡು ಗೌರಿಬಿದನೂರಿಗೆ ಬಂದುಬಿಡಬೇಕು ಎಂದು ಅವರು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದರು.

“ಅಲ್ಲಿ ನಾನೇನು ಮಾಡ್ಲಿ ಮೇಡಂ?” ಎಂದು ಮುನಿರತ್ನಮ್ಮ ಒಮ್ಮೆ ಕೇಳಿದ್ದರು. “ಇವರು ಡ್ಯೂಟಿಗೆ ಹೋಗ್ತಾರೆ. ನಾನು ನಾಕು ಗೋಡೆ ನೋಡ್ಕಂಡು ಕೂತ್ಕಳದಾ? ಇಲ್ಲಿ ನನ್ನ ಹುಳುಮನೆ ಅಂತಾರೆ. ಅಲ್ಲಿ ಯಾರ ಮನೆ ಅಂತಾರೆ?”

ಮನೆಗೆ ಬೀಗ ಬಿದ್ದರೆ ನನ್ನ ಕೋಣೆಗೂ ಬೀಳುತ್ತದೆ. ಆದ್ದರಿಂದ ಈ ಬೆಳೆಯ ಬಗ್ಗೆ ನನ್ನ ಕಾಳಜಿ ಎಷ್ಟು ಶುದ್ಧವಾಗಿತ್ತು ಎಂದು ನಾನು ಪ್ರಮಾಣ ಮಾಡಲಾರೆ.

ಚಂಡಮಾರುತದ ಸುದ್ದಿ ಬಂದಾಗ ಹುಳ ನಾಲ್ಕನೇ ಜ್ವರದಿಂದ ಎದ್ದು ಐದನೇ ದಿನ. ಇನ್ನೆರಡು ದಿನಕ್ಕೆ ಹಣ್ಣು.

ಮಂಗಳವಾರ ಇಡೀ ದಿನ ಫೋನಿನಲ್ಲಿ ಆ ನಕ್ಷೆ ನೋಡಿದೆ. ನೀಲಿ ನೀರಿನ ಮೇಲೆ ಒಂದು ಬಿಳಿ ಸುಳಿ, ಅದರಿಂದ ಹೊರಟ ಕೆಂಪು ಗೆರೆ. ಬೆಳಿಗ್ಗೆ ಗೆರೆ ನೆಲ್ಲೂರಿಗೆ ಹೋಗಿತ್ತು, ಮಧ್ಯಾಹ್ನ ಚೆನ್ನೈಗೆ, ಸಂಜೆ ಪುದುಚೇರಿ ಕಡೆಗೆ ಬಾಗಿತ್ತು. ಪ್ರತಿ ಸಲವೂ ಅಷ್ಟೇ ಖಚಿತವಾದ ಗೆರೆ, ತಾನು ಮೊದಲು ಬೇರೆ ಕಡೆ ಇದ್ದೆ ಎಂಬ ಗುರುತೇ ಇಲ್ಲದೆ. ನನಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಊರಿನವರಿಗೆ ಟಿವಿಯ ಮೇಲೆ ನಂಬಿಕೆಯಿಲ್ಲ. “ಅವರು ಹೆದರಿಸಿ ಹೊಟ್ಟೆ ಹೊರ್ಕೊಳೋರು” ಎನ್ನುತ್ತಾರೆ. ಪಾಪಮ್ಮನಿಗೆ ಫೋನಿನ ಮೇಲೂ ನಂಬಿಕೆಯಿಲ್ಲ, ನನ್ನ ಮೇಲೂ ಇಲ್ಲ. ಗುಡ್ಡದ ಕಡೆ ನೋಡಿ ಏನೋ ಗೊಣಗಿ ಒಳಗೆ ಹೋದರು. ವೆಂಕಟರವಣಪ್ಪ ಅಂದು ಮೂರು ಸಲ ಫೋನ್ ಮಾಡಿ “ಹುಳ ಹೆಂಗವೆ?” ಎಂದು ಕೇಳಿದರು. ಪಕ್ಕದಲ್ಲೇ ಇದ್ದ ನನಗೆ ಆ ದನಿಯಲ್ಲಿ ಕಾಳಜಿಯ ಜೊತೆ ಇನ್ನೇನೋ ಇದೆ ಅನಿಸಿತು. ಹುಳ ಸಾಯಲಿ ಎಂದು ಕಾಯುತ್ತಿದ್ದಾರೆಯೇ? ಹೆಂಡತಿ ಜೊತೆಗಿರಲಿ ಎಂದು ಬಯಸುವ ಗಂಡಸಿನ ದನಿಯೂ ಹಾಗೇ ಇರಬಹುದು.

ಕೊನೆಗೆ ಅಪ್ಪಯ್ಯನನ್ನು ಕೇಳಿದೆ. ಅವರು ನಲವತ್ತು ವರ್ಷ ದೋಣಿ ನಡೆಸಿದವರು, ಈಗಲೂ ನಡೆಸುವವರು.

“ಅದ್ ಮೂಡ್ ಬದಿ ಕಡ್ಲ್ ಮಗಾ. ನಂಗೆಂತ ಗೊತ್ತಿತ್ತ್? ಗಾಳಿ ಬಪ್ಪುದಾರೆ ಎಲ್ಲ ಕಟ್ಟಿ ಮುಚ್ಚಿ ಇಡ್ಕ್, ಅಷ್ಟೇ.”

ಇದನ್ನು ಮುನಿರತ್ನಮ್ಮನಿಗೆ ಹೇಳಿ ಸುಮ್ಮನಾಗಬಹುದಿತ್ತು. ನಾನು ನೆನಪನ್ನೂ ಸೇರಿಸಿದೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಕೇರಿಗೆ ತೂಫಾನು ಬಂದಿತ್ತು. ಹಗಲು ಹೊತ್ತು. ಅಪ್ಪಯ್ಯ ಬಲೆಯ ಹಗ್ಗದಿಂದ ಬಾಗಿಲನ್ನು ಕಂಬಕ್ಕೆ ಬಿಗಿಯುತ್ತಿದ್ದರು. ನಾನು ಮಂಚದ ಕೆಳಗೆ ಮಲಗಿ ಮಾಡಿನಿಂದ ಹಂಚುಗಳು ಹಾರುವುದನ್ನು ಎಣಿಸುತ್ತಿದ್ದೆ. ಹದಿಮೂರನೆಯದು ಹಾರಿದಾಗ ಆಕಾಶ ಕಂಡಿತು. ಹಿಂದಿನ ದಿನ ಒಂದು ಕಿಟಕಿ ಕಟ್ಟದೆ ಬಿಟ್ಟಿದ್ದರಿಂದ ಗಾಳಿ ಒಳಗೆ ನುಗ್ಗಿ ಮಾಡನ್ನು ಮೇಲೆತ್ತಿತು ಎಂದು ಅಪ್ಪಯ್ಯ ಆಮೇಲೆ ಹೇಳುತ್ತಿದ್ದರು. ಇದನ್ನೆಲ್ಲ ಸಂಜೆ ಮನೆ ಮುಂದೆ ಸೇರಿದ್ದವರೆದುರು ಕೈ ಬೀಸಿ, ನನ್ನ ಹಳೆಯ ದೊಡ್ಡ ದನಿಯಲ್ಲಿ ಹೇಳಿದೆ. ಇಲ್ಲಿ ಅಷ್ಟು ಜನ ಅಷ್ಟು ಹೊತ್ತು ನನ್ನ ಮಾತು ಕೇಳಿದ್ದು ಅದೇ ಮೊದಲು. ಸಂತೋಷವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

“ತಗಡಿನ ಮಾಡು ಮೇಡಂ ನಮ್ದು,” ಎಂದರು ಮುನಿರತ್ನಮ್ಮ. ಮುಖ ಬಿಳಿಚಿಕೊಂಡಿತ್ತು.

“ಕಿಟಕಿಗಳನ್ನ ಟಾರ್ಪಾಲಿನಿಂದ ಬಿಗಿಯಾಗಿ ಕಟ್ಟಬೇಕಕ್ಕ. ಒಂದೂ ಬಿಡಬಾರದು.”

ಪಾಪಮ್ಮ ತೆಲುಗಿನಲ್ಲಿ ಏನೋ ಅಂದರು. ಸೊಸೆ, “ನೀನು ಸುಮ್ನಿರತ್ತೆ, ಮೇಡಂ ಕಣ್ಣಲ್ಲಿ ಕಂಡೋರು” ಎಂದರು.

ಬುಧವಾರ ಬೆಳಿಗ್ಗೆ ಚಿಂತಾಮಣಿಯಿಂದ ನೀಲಿ ಟಾರ್ಪಾಲು ಬಂತು. ಮಧ್ಯಾಹ್ನದೊಳಗೆ ಹುಳುಮನೆಯ ಎಂಟು ಕಿಟಕಿಗಳನ್ನೂ ಕಟ್ಟಿದೆವು. ಬಲೆಯ ಗಂಟು ನನಗೆ ಬರುತ್ತದೆ. ಎಳೆದಷ್ಟೂ ಬಿಗಿಯಾಗುವ ಗಂಟು. ಎಲ್ಲವನ್ನೂ ನಾನೇ ಹಾಕಿದೆ.

ಆಮೇಲೆ ಹುಳದ ಮೇವು, ಹಿಪ್ಪುನೇರಳೆ ಸೊಪ್ಪು. ಒದ್ದೆ ಸೊಪ್ಪು ತಿಂದ ಹುಳ ಭೇದಿಯಾಗಿ ಸಾಯುತ್ತದೆ, ಆದ್ದರಿಂದ ಮಳೆ ಬರುವ ಮೊದಲೇ ಎರಡು ದಿನದ ಸೊಪ್ಪನ್ನು ಕೊಯ್ದು ಒಳಗಿಡಬೇಕು. ನಮ್ಮಲ್ಲಿ ಗಾಳಿ ಬರುವ ಮುಂಚೆ ಜನ ಕಡಲಿಗೆ ಬೆನ್ನು ಹಾಕಿ ಮನೆ ಕಡೆ ಓಡುತ್ತಾರೆ. ಇಲ್ಲಿ ಮನೆ ಬಿಟ್ಟು ತೋಟಕ್ಕೆ ಓಡುತ್ತಾರೆ. ಅಕ್ಕಪಕ್ಕದ ಹೆಂಗಸರು ನಾಲ್ಕು ಮಂದಿ, ನಾವು ಮೂವರು. ನಾನು ಹೊರೆ ಹೊತ್ತೆ. ಮೊದಲ ಹೊರೆ ತಲೆಯ ಮೇಲೆ ನಿಲ್ಲದೆ ಮಣ್ಣಿಗೆ ಬಿದ್ದಾಗ ಒಬ್ಬಾಕೆ, “ಮೀನಿನ ಬುಟ್ಟಿ ಅಲ್ಲ ಕಣಮ್ಮ ಅದು, ಜಾರಲ್ಲ ಅಂದ್ಕಬೇಡ” ಎಂದು ನಕ್ಕರು. ಇಷ್ಟು ಸೊಪ್ಪನ್ನು ಇಡುವುದೆಲ್ಲಿ? ಮುನಿರತ್ನಮ್ಮ ಅಂಚೆ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ನೋಡಿ, ನನ್ನನ್ನು ನೋಡಿ, ಮತ್ತೆ ಒಳಗೆ ನೋಡಿದರು.

“ಎರಡೇ ದಿನ ಮೇಡಂ.”

ಆಗ ಹೊಳೆಯಿತು: ಒಬ್ಬಂಟಿ ಹೆಂಗಸಿಗೆ ಯಾರೂ ಮನೆ ಕೊಡದಿದ್ದಾಗ ಇವರೊಬ್ಬರೇ ಯಾಕೆ ಕೊಟ್ಟರು ಎಂಬುದು. ಗಂಡ, ಮಕ್ಕಳು, ಬೀರು, ಮಂಚ ಇರುವ ಬಾಡಿಗೆಯವರಾದರೆ ಇಷ್ಟು ಒಣ ಜಾಗ ಖಾಲಿ ಸಿಗುತ್ತಿತ್ತೇ? ಮೇಜು, ಟಪಾಲಿನ ಚೀಲ, ಮೊಹರುಗಳನ್ನು ಒಂದು ಮೂಲೆಗೆ ಸರಿಸಿದೆ. ಅಂಚೆ ಕಚೇರಿಯ ತುಂಬ ಹಸಿರು ಸೊಪ್ಪು ಸೊಂಟದ ಮಟ್ಟಕ್ಕೆ ನಿಂತಿತು.

ಗುರುವಾರ ಬೆಳಿಗ್ಗೆ ಚಂಡಮಾರುತ ತೀರ ದಾಟಿತು ಎಂದು ಟಿವಿ ಹೇಳಿತು. ನಾವು ಬಾಗಿಲು ಹಾಕಿಕೊಂಡು ಕಾಯುತ್ತಿದ್ದೆವು. ನಾನು ಹಂಚು ಹಾರುವ ಸದ್ದಿಗೆ ಕಿವಿ ಕೊಟ್ಟಿದ್ದೆ. ಏನೂ ಬರಲಿಲ್ಲ. ಹೊರಗೆ ಬಂದರೆ ಹುಣಸೆ ಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಗುಡ್ಡ ಕಾಣುತ್ತಿರಲಿಲ್ಲ. ಮಳೆ ಎನ್ನಲೂ ಆಗದಂತಹದ್ದೊಂದು ಗಾಳಿಯಲ್ಲಿ ನಿಂತಿತ್ತು, ಬೀಳದೆ, ಹೋಗದೆ. ಪಾಪಮ್ಮ, “ಮುಸುರು” ಎಂದರು. ತೆಲುಗಿನ ಮಾತು. ಬಿಡದೆ ಹಿಡಿದ ಜಡಿ. ನಮ್ಮ ಕಡೆ ಮಳೆ ಬಂದರೆ ಬಂತೆಂದು ಗೊತ್ತಾಗುತ್ತದೆ. ಇದು ಯಾರೋ ಕದ್ದು ನೋಡುತ್ತಾ ನಿಂತಂತೆ.

ಅದೇ ದಿನ ಹುಳ ಹಣ್ಣಾಗತೊಡಗಿತು. ಸಾಮಾನ್ಯವಾಗಿ ಚಂದ್ರಿಕೆಗಳನ್ನು ಹೊರಗೆ ನೆರಳಿನಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸುತ್ತಾರಂತೆ. ಈ ಮುಸುರಿನಲ್ಲಿ ಅದು ಆಗದು. ಮುಚ್ಚಿ ಕಟ್ಟಿದ ಹುಳುಮನೆಯೊಳಗೇ ಮೂವತ್ತು ಚಂದ್ರಿಕೆ ನಿಲ್ಲಿಸಿದರು. ಟಾರ್ಪಾಲು ಬಿಚ್ಚೋಣವೇ ಎಂದು ಮುನಿರತ್ನಮ್ಮ ಕೇಳಿದರು. ಫೋನ್ ನೋಡಿದೆ, ಕೆಂಪು ಗೆರೆ ಈಗ ನೇರ ನಮ್ಮ ಮೇಲೆ ಬರುತ್ತಿತ್ತು.

“ಗಾಳಿ ಹಿಂದಿನಿಂದ ಬರ್ತದೆ ಅಕ್ಕ. ಈಗ ಬಿಚ್ಚಬೇಡಿ,” ಎಂದೆ.

ಇಷ್ಟು ಖಚಿತವಾಗಿ ನಾನು ಜೀವನದಲ್ಲಿ ಇನ್ನೇನನ್ನೂ ಹೇಳಿದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಎದ್ದಾಗ ಹಿತ್ತಲಿನಿಂದ ಕೂಗಾಟ ಕೇಳಿಸಿತು. ಓಡಿಹೋದೆ. ಹುಳುಮನೆಯ ಬಾಗಿಲು ತೆರೆದಿತ್ತು. ಒಳಗಿನ ಹಬೆ ಮುಖಕ್ಕೆ ಬಡಿಯಿತು; ಹುಳಿ ವಾಸನೆ, ಕೊಳೆತ ಸೊಪ್ಪಿನ ವಾಸನೆ. ಹುಳ ಗೂಡು ಕಟ್ಟುವ ಮೊದಲು ಮೈಯೊಳಗಿನ ನೀರನ್ನೆಲ್ಲ ಹೊರಗೆ ಬಿಡುತ್ತದೆ, ಆ ನೀರು ಆರಲು ಗಾಳಿ ಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ತಗಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಚಂದ್ರಿಕೆಗಳ ಮೇಲೆ ಹುಳಗಳು ಸುರುಳಿಯೊಳಗೆ ಕೂರದೆ ಅಂಚಿಗೆ ಬಂದು ತಲೆಯೆತ್ತಿ ಏನನ್ನೋ ಹುಡುಕುತ್ತಿದ್ದವು. ಕೆಲವು ಕಪ್ಪಾಗಿ ಜೋತುಬಿದ್ದಿದ್ದವು.

ಪಾಪಮ್ಮ ಟಾರ್ಪಾಲಿನ ಗಂಟನ್ನು ಎಳೆಯುತ್ತಿದ್ದರು. ಎಳೆದಷ್ಟೂ ಅದು ಬಿಗಿಯಾಗುತ್ತಿತ್ತು.

“ಗಾಳಿ ಲೇಕುಂಟೆ ಪುರುಗು ಎಲಾ ಬತುಕುತುಂದಿ?” ಎಂದು ನನ್ನ ಮುಖಕ್ಕೆ 	ಕೂಗಿದರು. ಗಾಳಿಯಿಲ್ಲದೆ ಹುಳ ಹೇಗೆ ಬದುಕುತ್ತದೆ? ಆಮೇಲೆ ನನಗೆಂದೇ ಕನ್ನಡದಲ್ಲಿ: “ಮೊನ್ನೇನೇ ಹೇಳಿದ್ನಲ್ಲಮ್ಮಾ! ಈ ಕಡೆ ತುಫಾನು ಅಂದ್ರೆ ಗಾಳಿ ಅಲ್ಲ, ಮುಸುರು ಅಂತ. ಕೇಳಿದ್ರಾ ಇಬ್ಬರೂ?”

ನಾನು ಅಡುಗೆಮನೆಯಿಂದ ಚಾಕು ತಂದೆ. ನಾನೇ ಹಾಕಿದ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದೆ. ಮುನಿರತ್ನಮ್ಮ ಬೈದಿದ್ದರೆ ಚೆನ್ನಾಗಿತ್ತು. ಚಂದ್ರಿಕೆಯೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಕಪ್ಪಾದ ಹುಳಗಳನ್ನು ಆರಿಸಿ ಸುಣ್ಣದ ಪುಡಿಯ ಬುಟ್ಟಿಗೆ ಹಾಕುತ್ತಿದ್ದರು. ಕಿಟಕಿ ತೆರೆದರೂ ಒಳಗೆ ಬಂದದ್ದು ಹೊರಗಿನ ಒದ್ದೆಯೇ.

“ನನ್ನ ಕೋಣೆಗೆ ತನ್ನಿ,” ಎಂದೆ. “ಎರಡು ಕಿಟಕಿ ಇದೆ, ಫ್ಯಾನಿದೆ.”

“ಅದು ಪೋಸ್ಟಾಫೀಸು ಮೇಡಂ.”

“ಗೊತ್ತಕ್ಕ.”

ಉಳಿದಿದ್ದ ಸೊಪ್ಪನ್ನು ಹೊರಗೆಳೆದು, ಇಪ್ಪತ್ತೆರಡು ಚಂದ್ರಿಕೆಗಳನ್ನು ಹೊತ್ತು ತಂದೆವು. ಗೋಡೆಗೆ, ಮೇಜಿಗೆ, ಟಪಾಲು ಡಬ್ಬಿಗೆ ಒರಗಿಸಿದೆವು. ಹಿಡಿಸದೆ ಉಳಿದ ಎಂಟು ಹುಳುಮನೆಯಲ್ಲೇ ಇದ್ದವು. ಯಾರಾದರೂ ಮೇಲಧಿಕಾರಿ ಆ ದಿನ ಬಂದಿದ್ದರೆ ನನ್ನ ಕೆಲಸದ ಗತಿ ಏನಾಗುತ್ತಿತ್ತೋ. ಹತ್ತು ಗಂಟೆಗೆ ಎಂದಿನಂತೆ ಕಚೇರಿ ತೆರೆದೆ. ರಿಜಿಸ್ಟರ್ಡ್ ಕಾಗದ ತೆಗೆದುಕೊಳ್ಳಲು ಬಂದ ಮುದುಕರು, ಅದೇ “ನೀರೆಲ್ಲ ಒಂದೇ” ಎಂದವರು, ಚಂದ್ರಿಕೆಗಳ ನಡುವೆ ಓರೆಯಾಗಿ ನುಗ್ಗಿ ಬಂದು, “ಹುಳಕ್ಕೂ ಸ್ಟಾಂಪ್ ಹಚ್ತಿದೀರಾ ಮೇಡಂ?” ಎಂದರು. ಮುನಿರತ್ನಮ್ಮ ಆ ದಿನ ಮೊದಲ ಸಲ ನಕ್ಕರು. ನಕ್ಕರೋ, ಅಥವಾ ಅವರು ನಕ್ಕಿರಬೇಕು ಎಂದು ನಾನು ಬಯಸುತ್ತಿದ್ದೇನೋ.

ಮಧ್ಯಾಹ್ನದ ಹೊತ್ತಿಗೆ ಫ್ಯಾನಿನ ಕೆಳಗಿನ ಚಂದ್ರಿಕೆಯಲ್ಲಿ ಒಂದು ಹುಳ ಅಲೆಯುವುದನ್ನು ನಿಲ್ಲಿಸಿತು. ತಲೆಯನ್ನು ಅತ್ತಿತ್ತ ತೂಗಿತು. ಬೆಳಕಿಗೆ ಹಿಡಿದು ನೋಡಿದರೆ ಬಿದಿರಿನ ಎರಡು ಪಟ್ಟಿಗಳ ನಡುವೆ ಒಂದು ಎಳೆ. ಪಾಪಮ್ಮ ಬಗ್ಗಿ ನೋಡಿ, ನನ್ನ ಕೈ ಹಿಡಿದು ಹಿಂದಕ್ಕೆ ಸರಿಸಿದರು. ನನ್ನ ಉಸಿರು ತಗುಲಬಾರದೆಂದೋ ಏನೋ.

ಶನಿವಾರ ಅಮ್ಮನಿಗೆ ಫೋನ್ ಮಾಡಿದೆ. ಆಗಿದ್ದನ್ನೆಲ್ಲ ಹೇಳಿದೆ. ಮಂಚದ ಕೆಳಗಿನಿಂದ ಹಂಚು ಎಣಿಸಿದ ಕಥೆಗೆ ಬಂದಾಗ ಅಮ್ಮ ತಡೆದರು.

“ನೀ ಎಲ್ಲಿದ್ದೆ ಅವತ್ತ್? ನೀ ಅಜ್ಜಿ ಮನೇಗ್ ಇದ್ದಿದ್ದೆ. ಮಂಚದ್ ಅಡಿಗಿದ್ದದ್ದ್ ನಿನ್ನ ಅಣ್ಣ.”

ನಾನು ವಾದ ಮಾಡಿದೆ. ಹದಿಮೂರು ಹಂಚು, ಆಮೇಲೆ ಕಂಡ ಆಕಾಶ, ಹಗ್ಗದ ವಾಸನೆ ಎಲ್ಲ ಹೇಳಿದೆ. ಅಮ್ಮ, “ಅದೆಲ್ಲ ಅವ ಹೇಳಿದ್ದ್ ಮಾರಾಯ್ತಿ, ನೀ ಎರಡ್ ದಿನ ಬಿಟ್ಟ್ ಬಂದದ್ದ್” ಎಂದರು. ಅಮ್ಮನ ನೆನಪು ಸರಿ ಎಂದೂ ನಾನು ಒಪ್ಪಿಲ್ಲ. ಆದರೆ ‘ಕಣ್ಣಲ್ಲಿ ಕಂಡೋರು’ ಎಂಬ ಮಾತಿನ ಮೇಲೆ ಎಂಟು ಕಿಟಕಿಗಳು ಮುಚ್ಚಿದ್ದವು.

ಇದನ್ನು ಮುನಿರತ್ನಮ್ಮನಿಗೆ ಹೇಳಬೇಕೆಂದು ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋದೆ. ಅಷ್ಟರಲ್ಲಿ ವೆಂಕಟರವಣಪ್ಪ ಬಂದಿದ್ದರು. ಅಂಗಳದಲ್ಲಿ ಕತ್ತರಿಸಿದ ಟಾರ್ಪಾಲಿನ ಹಗ್ಗಗಳು ಬಿದ್ದಿದ್ದವು. ಅವನ್ನು ಕಾಲಿನಿಂದ ತಿರುಗಿಸಿ ನೋಡುತ್ತಿದ್ದರು.

“ಇದೇನು?”

“ಗಾಳಿಗೆ ಕಟ್ಟಿದ್ವು,” ಎಂದರು ಮುನಿರತ್ನಮ್ಮ.

“ಗಾಳಿ ಬಂತಾ? ಗೌರಿಬಿದನೂರಲ್ಲಿ ಏನೂ ಇರಲಿಲ್ಲ.”

“ಬಂತು. ಗುರುವಾರ. ಹೆಂಗ್ ಬಂತು ಅಂತೀರ! ಮೇಡಂ ಹೇಳಿ ಕಟ್ಟಿಸ್ದೇ ಇದ್ದಿದ್ರೆ ಮಾಡೇ ಇರ್ತಿರಲಿಲ್ಲ. ಎಂಟು ಚಂದ್ರಿಕೆ ಕೆಟ್ಟೋದ್ವು, ಮಿಕ್ಕಿದ್ದು ಉಳೀತು.”

ನಾನು ಪಾಪಮ್ಮನನ್ನು ನೋಡಿದೆ. ಮುದುಕಿ ಹುಣಸೆ ಮರವನ್ನು ನೋಡುತ್ತಾ ಎಲೆಯಡಿಕೆ ಅಗಿಯುತ್ತಿದ್ದರು.

ವೆಂಕಟರವಣಪ್ಪ ಅಂಚೆ ಕೋಣೆಗೆ ಬಂದರು. ಚಂದ್ರಿಕೆಗಳ ತುಂಬ ಬಿಳಿ ಗೂಡುಗಳು ಮೂಡಿದ್ದವು, ತೆಳ್ಳಗಿನವು, ಒಳಗೆ ಹುಳ ಇನ್ನೂ ಅಲ್ಲಾಡುವುದು ಕಾಣುವಂಥವು. ತುಂಬ ಹೊತ್ತು ನೋಡಿದರು. ಅವರ ಮುಖದಲ್ಲಿ ನಿರಾಸೆ ಹುಡುಕಿದೆ, ಸಿಕ್ಕಿತೋ ಇಲ್ಲವೋ ಹೇಳಲಾರೆ. “ಸರಿ, ಮುಂದಿನ ಬೆಳೆಗೆ ಹುಳದ ಮರಿ ಹೇಳಿಬಿಡು ಮತ್ತೆ,” ಎಂದು ಹೆಂಡತಿಗೆ ಹೇಳಿ ಕೈಕಾಲು ತೊಳೆಯಲು ಹೋದರು.

ನಾನು ಪಿಸುಗುಟ್ಟಿದೆ: “ಅಕ್ಕ, ನನ್ನ ತಪ್ಪನ್ನ ನೀವು ಮುಚ್ಚಬೇಕಿರಲಿಲ್ಲ.”

“ನಿಮಗೋಸ್ಕರ ಅಲ್ಲ ಮೇಡಂ,” ಎಂದರು. “ಗಾಳಿ ಬರಲಿಲ್ಲ, ಸುಮ್ನೆ ಕಟ್ಟಿ ಸಾಯಿಸಿದ್ವು ಅಂದ್ರೆ ‘ನಿನಗೆ ಹುಳ ಸಾಕೋದು ಬರಲ್ಲ, ನಡಿ’ ಅಂತಾರೆ. ಗಾಳಿ ಬಂದಿದ್ರೆ ಅದು ಯಾರ ತಪ್ಪು? ಯಾರಾದ್ರೂ ಕೇಳಿದ್ರೆ ಬಂತು ಅನ್ನಿ.”

ಊರೆಲ್ಲ ಈಗ ಹಾಗೇ ಹೇಳುತ್ತದೆ. ಹಾಲಿನ ಡೈರಿಯ ಹತ್ತಿರ ಒಬ್ಬಾತ ತಗಡು ಪಟಪಟ ಬಡಿದದ್ದನ್ನು ತಾನೇ ಕೇಳಿದೆ ಎಂದು ನನಗೇ ವಿವರಿಸಿದ.

ಅಂದು ಮುನಿರತ್ನಮ್ಮ ಹಾಗೆನ್ನುವ ಹೊತ್ತಿಗೇ ನನ್ನ ಫೋನು ಬಡಿದುಕೊಂಡಿತು. ಅಪ್ಪಯ್ಯ.

“ನಿಮ್ಮಲ್ಲಿ ದಾಟ್ಕಂಡ್ ಈಗ ನಮ್ಮ್ ಬದಿಗೆ ಬಂತಂಬ್ರ್ ಅದ್. ಕಡ್ಲಿಗ್ ಇಳೂಕಾಗ ಅಂದಿರ್. ದೋಣಿ ಮೇಲ್ ಎಳ್ದ್ ಆಯ್ತ್.”

ನಕ್ಷೆಯಲ್ಲಿ ಕೆಂಪು ಗೆರೆ ಈ ಊರನ್ನು ದಾಟಿ, ಘಟ್ಟವಿಳಿದು, ನನ್ನ ಕಡಲಿಗೆ ಹೋಗಿದ್ದು ಆಮೇಲೆ ನೋಡಿದೆ. ಆ ಕ್ಷಣಕ್ಕೆ ಯೋಚಿಸದೆ ಬಾಯಿಗೆ ಬಂದದ್ದು: “ಕಿಟ್ಕಿ ಎಲ್ಲ ತೆಗ್ದಿಡಿ ಅಪ್ಪಯ್ಯ. ಒಳಗ್ ಗಾಳಿ ಆಡ್ಲಿ.”

“ಎಂತ? ಗಾಳಿ ಬಪ್ಪತ್ತಿಗೆ ಕಿಟ್ಕಿ ತೆಗುದಾ? ಮರ್ಲ್ ಹಿಡೀತಾ ನಿಂಗೆ?” ಅಪ್ಪಯ್ಯ ದೊಡ್ಡದಾಗಿ ನಕ್ಕರು. ಹಿಂದಿನಿಂದ ಅಲೆಯ ಸದ್ದು ಕೇಳುತ್ತಿತ್ತು.

ಕೈಕಾಲು ತೊಳೆದು ಬಂದ ವೆಂಕಟರವಣಪ್ಪ ಬಾಗಿಲಲ್ಲಿ ನಿಂತು ಆಲಿಸುತ್ತಿದ್ದರು. ಮುನಿರತ್ನಮ್ಮ ಅವರಿಗೆ ಕೇಳುವಂತೆ, ನನ್ನನ್ನೇ ನೋಡುತ್ತಾ, “ಹೇಳಿ ಮೇಡಂ, ನಿಮ್ಮ ತಂದೆಯೋರಿಗೂ ಹೇಳಿ. ನಮಗೆ ಹೇಳಿದಂಗೇ ಎಲ್ಲಾ ಬಿಗಿಯಾಗಿ ಕಟ್ಟಕ್ಕೆ ಹೇಳಿ” ಎಂದರು.

“ಹೌದಪ್ಪಯ್ಯ,” ಎಂದೆ ಗಟ್ಟಿಯಾಗಿ. “ಎಲ್ಲ ಕಟ್ಟಿ ಮುಚ್ಚಿ ಇಡಿ. ಒಂದೂ ಬಿಡಬೇಡಿ.”

ಫೋನಿನ ಆ ತುದಿಯಲ್ಲಿ ಅದು ನಿಜ, ಈ ತುದಿಯಲ್ಲಿ ಸುಳ್ಳು. ಅಪ್ಪಯ್ಯನಿಗೆ ಸಮಾಧಾನವಾಯಿತು, ವೆಂಕಟರವಣಪ್ಪನಿಗೂ ಆಯಿತು.

ಮಧ್ಯಾಹ್ನ ಮುನಿರತ್ನಮ್ಮ ಮುದ್ದೆ, ಬಸ್ಸಾರು ತಂದುಕೊಟ್ಟು ಹೊರಡುವಾಗ ಬಾಗಿಲಲ್ಲಿ ತಿರುಗಿ, “ಆ ಸೂಟ್‌ಕೇಸಲ್ಲಿರೋ ಡಬ್ಬಿ ತೆಗೀರಿ ಮೇಡಂ. ಹುಳ ಒಳಕ್ಕೆ ಸೇರ್ಕಂಡವೆ. ಇನ್ನು ವಾಸ್ನೆ ಏನೂ ಮಾಡಲ್ಲ” ಎಂದರು.

ಎಂಟು ತಿಂಗಳಿಂದ ಗೊತ್ತಿತ್ತು! ಯಾವಾಗ ನೋಡಿದರು, ನಾನಿಲ್ಲದಾಗ ಬಂದು ಹುಡುಕಿದರೇ? ಈಗ ಯಾಕೆ ಹೇಳಿದರು, ಪ್ರೀತಿಯೇ, ಸುಳ್ಳಿಗೆ ಜೊತೆಯಾದದ್ದಕ್ಕೆ ಉಪಕಾರವೇ? ಎರಡೂ ಇರಬಹುದು. ಡಬ್ಬಿ ತೆಗೆದೆ. ಬಾಣಲೆಯಲ್ಲಿ ಸಿಗಡಿ ಬಿಸಿಯಾಗುತ್ತಿದ್ದಂತೆ ಕೋಣೆಯ ತುಂಬ ನಮ್ಮ ಕೇರಿ ಬಂದು ನಿಂತಿತು. ಕಿಟಕಿ ಮುಚ್ಚಿಕೊಂಡರೆ ಅದು ಸಂಜೆಯವರೆಗೂ ಇರುತ್ತಿತ್ತು.

ಒಂದು ಕಿಟಕಿ ಮುಚ್ಚಿ ಒಂದನ್ನು ತೆರೆದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಮಾಡಲಿಲ್ಲ. ಗೂಡಿನೊಳಗೆ ಹುಳಗಳು ಇನ್ನೂ ನೂಲುತ್ತಿದ್ದವು, ಅವಕ್ಕೆ ಗಾಳಿ ಬೇಕಿತ್ತು. ಎರಡನ್ನೂ ಪೂರ್ತಿ ತೆರೆದೆ. ಸಿಗಡಿಯ ವಾಸನೆ ನನ್ನನ್ನು ಬಿಟ್ಟು ಬೀದಿಗೆ ಹೋಯಿತು.